ವೇದಿಕೆ ಇಳಿದು ಕೂರುವ ಕುಲಪತಿ ಬೇಕು

ನಾನು ಓದಿದ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಫೋಟೊಗಳು ಬಂದು ಬೀಳುತ್ತವೆ. ವಾರ್ಷಿಕೋತ್ಸವ, ಘಟಿಕೋತ್ಸವ, ಟೆಕ್ ಫೆಸ್ಟ್. ಎಲ್ಲದರಲ್ಲೂ ಕುಲಪತಿಗಳು ಇದ್ದೇ ಇರುತ್ತಾರೆ. ದೀಪ ಹಚ್ಚುತ್ತಾರೆ, ಶಾಲು ಹೊದಿಸಿಕೊಳ್ಳುತ್ತಾರೆ, ಸ್ಮರಣ ಸಂಚಿಕೆ ಬಿಡುಗಡೆ ಮಾಡುತ್ತಾರೆ, ಇನ್ನೊಂದು ಕಾರ್ಯಕ್ರಮವಿದೆ ಎಂದು ಅರ್ಧಕ್ಕೇ ಹೊರಡುತ್ತಾರೆ. ಅವರು ವಿದ್ಯಾರ್ಥಿಗಳ ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಬೇರೊಬ್ಬರ ಮಾತು ಕೇಳುತ್ತಿರುವ ಫೋಟೊ ಮಾತ್ರ ಈವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.

ಇದು ಯಾರೋ ಒಬ್ಬರ ಮೇಲಿನ ದೂರಲ್ಲ. ಕುಲಪತಿ ಎಂದರೆ ಉದ್ಘಾಟಕರು, ಕ್ಯಾಂಪಸ್ಸಿನ ಕಾರ್ಯಕ್ರಮ ಎಂದರೆ ವರ್ಷಕ್ಕೆ ಎರಡು ಸಲ ಪೆಂಡಾಲು, ಡಿಜೆ, ಪ್ರಾಯೋಜಕರ ಬ್ಯಾನರು ಎಂಬುದು ಎಲ್ಲ ಕಡೆ ರೂಢಿಯಾಗಿದೆ. ನಾನು ಹೊರರಾಜ್ಯದ ಸಂಸ್ಥೆಯೊಂದರಲ್ಲಿ ಎಂ.ಟೆಕ್ ಮಾಡಿದ ಎರಡು ವರ್ಷಗಳಲ್ಲಿ ಅಲ್ಲಿನ ಮುಖ್ಯಸ್ಥರನ್ನು ನೋಡಿದ್ದು ಎರಡೇ ಸಲ: ಸೇರಿದ ದಿನ ಸ್ವಾಗತ ಭಾಷಣದಲ್ಲಿ, ಹೊರಟ ದಿನ ಪದವಿ ಪತ್ರ ಕೊಡುವಾಗ. ನನ್ನ ವಾದ ಇಷ್ಟೇ. ವಿಶ್ವವಿದ್ಯಾಲಯದ ಜೀವ ಇರುವುದು ತಪ್ಪದೆ ನಡೆಯುವ ಸಣ್ಣ ಸಭೆಗಳಲ್ಲಿ. ಆ ಸಭೆಗೆ ಊರಿನವರು ಬರುವಂತಿರಬೇಕು, ಮುಖ್ಯಸ್ಥರು ಬಂದು ಕೇಳುಗರಾಗಿ ಕೂರಬೇಕು. ಅದಿಲ್ಲದ ಕಡೆ ವಿಶ್ವವಿದ್ಯಾಲಯ ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವ ಕಚೇರಿಯಾಗಿಬಿಡುತ್ತದೆ.

ಈ ಮಾತು ಅತಿಯಾಯಿತು ಅನ್ನುವವರು ಡಾ. ಎಚ್. ನರಸಿಂಹಯ್ಯ ಅವರನ್ನು ನೆನೆಯಬೇಕು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಬಡ ಮನೆಯಲ್ಲಿ ಹುಟ್ಟಿದವರು. ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಬಂದವರು. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಪಿಎಚ್.ಡಿ ಮಾಡಿ, ಅಲ್ಲೇ ಉಳಿಯದೆ ಬಸವನಗುಡಿಯ ನ್ಯಾಷನಲ್ ಕಾಲೇಜಿಗೆ ಮರಳಿದವರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆಗ ಆ ಹುದ್ದೆಯನ್ನು ಉಪಕುಲಪತಿ ಎನ್ನುತ್ತಿದ್ದರು. ಮದುವೆಯಾಗಲಿಲ್ಲ. ಬದುಕಿನ ಬಹುಭಾಗವನ್ನು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ಲಿನ ಕೋಣೆಯಲ್ಲಿ ಹುಡುಗರ ಜೊತೆಯಲ್ಲೇ ಕಳೆದರು. ಅವರ ಆತ್ಮಕಥೆಯ ಹೆಸರು ‘ಹೋರಾಟದ ಹಾದಿ’.

ಎಚ್ಚೆನ್ ಅವರ ಸರಳತೆಯನ್ನು ಎಲ್ಲರೂ ಹೊಗಳುತ್ತಾರೆ. ನಾವು ಅಷ್ಟಕ್ಕೇ ನಿಲ್ಲಿಸಿಬಿಡುತ್ತೇವೆ ಎಂಬುದು ನನ್ನ ತಕರಾರು. ಖಾದಿ ಜುಬ್ಬ, ಟೋಪಿ, ಹಾಸ್ಟೆಲ್ ಕೋಣೆ ಅವರ ಸ್ವಭಾವಕ್ಕೆ ಸೇರಿದ್ದು. ಅದನ್ನು ಇನ್ನೊಬ್ಬರಿಂದ ನಿರೀಕ್ಷಿಸಲಾಗದು. ಅವರು ಕಟ್ಟಿದ ವ್ಯವಸ್ಥೆಯನ್ನು ಮಾತ್ರ ಯಾರು ಬೇಕಾದರೂ ಅನುಸರಿಸಬಹುದು. 1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿದರು. ಬುಧವಾರ ಸಂಜೆ ನ್ಯಾಷನಲ್ ಕಾಲೇಜಿನಲ್ಲಿ ಒಂದು ಉಪನ್ಯಾಸ. ಟಿಕೆಟ್ ಇಲ್ಲ, ಗುರುತಿನ ಚೀಟಿ ಕೇಳುವವರಿಲ್ಲ. ಅದು ಒಂದು ತಲೆಮಾರು ದಾಟಿ ನಡೆದುಕೊಂಡು ಬಂತು. ಕುಲಪತಿಯಾಗಿದ್ದಾಗ ನೃತ್ಯ, ನಾಟಕ, ಸಂಗೀತಕ್ಕೆ ವಿಶ್ವವಿದ್ಯಾಲಯದಲ್ಲಿ ಜಾಗ ಮಾಡಿಕೊಟ್ಟರು. 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿ ರಚಿಸಿದರು. ಅದರ ಬಗ್ಗೆ ಆಗ ಭಾರಿ ವಿವಾದವೇ ಆಯಿತು. ಸಮಿತಿಯನ್ನು ಒಪ್ಪಿದವರೂ ಇದ್ದರು, ಬೈದವರೂ ಇದ್ದರು. ಆದರೆ ವಿಶ್ವವಿದ್ಯಾಲಯ ಎತ್ತಿದ ಒಂದು ಪ್ರಶ್ನೆಯನ್ನು ಹಿಡಿದು ಊರಿಗೆ ಊರೇ ಮಾತಾಡಿತು. ಈಗ ವಿಶ್ವವಿದ್ಯಾಲಯಗಳು ಸುದ್ದಿಯಾಗುವುದು ಫಲಿತಾಂಶ ತಡವಾದಾಗ, ಇಲ್ಲವೇ ಪ್ರಶ್ನೆಪತ್ರಿಕೆ ಸೋರಿಕೆಯಾದಾಗ.

ನಾನು ಬಿ.ಇ ಓದಲು ಬೆಂಗಳೂರಿಗೆ ಬಂದಾಗ ಎಚ್ಚೆನ್ ತೀರಿಕೊಂಡು ಒಂದೂವರೆ ವರ್ಷ ಕಳೆದಿತ್ತು. ಅವರನ್ನು ನೋಡುವ ಭಾಗ್ಯ ಇರಲಿಲ್ಲ. ಆದರೆ ಬುಧವಾರದ ಉಪನ್ಯಾಸ ಸಿಕ್ಕಿತು. ಪಕ್ಕದಲ್ಲಿ ನಿವೃತ್ತ ಬ್ಯಾಂಕ್ ನೌಕರರು, ಮುಂದಿನ ಸಾಲಿನಲ್ಲಿ ಪಿಯುಸಿ ಹುಡುಗಿಯರು, ಹಿಂದೆ ಯಾರೋ ಫ್ಯಾಕ್ಟರಿ ಕೆಲಸ ಮುಗಿಸಿ ನೇರ ಬಂದವರು. ಮಾತಿಗಿಂತ ಮಾತಾದ ಮೇಲಿನ ಪ್ರಶ್ನೆಗಳೇ ಸೊಗಸು. ದೊಡ್ಡ ವಿಜ್ಞಾನಿಯೊಬ್ಬರು ಪಿಯುಸಿ ಹುಡುಗಿಯ ಪ್ರಶ್ನೆಗೆ ‘ಗೊತ್ತಿಲ್ಲ, ನೋಡಿ ಹೇಳ್ತೀನಮ್ಮ’ ಎಂದದ್ದನ್ನು ನಾನು ಕೇಳಿದ್ದು ಅಲ್ಲಿ. ನಾಲ್ಕು ವರ್ಷದ ಎಂಜಿನಿಯರಿಂಗ್ ತರಗತಿಯಲ್ಲಿ ಆ ಮಾತು ಒಮ್ಮೆಯೂ ಕಿವಿಗೆ ಬಿದ್ದಿರಲಿಲ್ಲ.

ಮೈಸೂರು ವಿಶ್ವವಿದ್ಯಾಲಯದ ಇತಿಹಾಸದಲ್ಲೂ ಇಂಥದೇ ಒಂದು ಎಳೆ ಇದೆ. ಪ್ರಾಧ್ಯಾಪಕರು ಹಳ್ಳಿ, ಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡುತ್ತಿದ್ದರು. ಆ ಮಾತುಗಳು ಪ್ರಚಾರೋಪನ್ಯಾಸ ಮಾಲೆಯ ಪುಟ್ಟ ಪುಸ್ತಕಗಳಾಗಿ ಅತಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ನಮ್ಮ ಹಿರಿಯರ ಮನೆಯ ಟ್ರಂಕುಗಳಲ್ಲಿ ಇಂದಿಗೂ ಒಂದೆರಡಾದರೂ ಸಿಗುತ್ತವೆ. ಕುವೆಂಪು 1956ರಿಂದ 1960ರವರೆಗೆ ಅಲ್ಲಿ ಕುಲಪತಿಯಾಗಿದ್ದಾಗ ಮಾನಸಗಂಗೋತ್ರಿಯ ಕನಸು ಕಂಡರು, ಜ್ಞಾನ ಕನ್ನಡದಲ್ಲೇ ಜನರಿಗೆ ದಕ್ಕಬೇಕು ಎಂದು ಪಟ್ಟುಹಿಡಿದರು. ಊರು ವಿಶ್ವವಿದ್ಯಾಲಯಕ್ಕೆ ಬರಲಾಗದಿದ್ದರೆ ವಿಶ್ವವಿದ್ಯಾಲಯವೇ ಊರಿಗೆ ಹೋಗಬೇಕು ಎಂಬ ತಿಳಿವಳಿಕೆ ನಮ್ಮಲ್ಲಿ ಇತ್ತು.

ನಾನೀಗ ಪುಣೆಯಲ್ಲಿ ಇರುವವನು. ಹಿಂಜೆವಾಡಿಯಲ್ಲಿ ಕೆಲಸ, ಔಂಧ್‌ನಲ್ಲಿ ಮನೆ. ಇಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲೇ ಇರುವ ಖಗೋಳ ವಿಜ್ಞಾನದ ಸಂಸ್ಥೆ ‘ಐಯುಕಾ’ ಶಾಲಾ ಮಕ್ಕಳಿಗಾಗಿ ಎರಡನೇ ಶನಿವಾರದ ಉಪನ್ಯಾಸಗಳನ್ನು ನಡೆಸಿಕೊಂಡು ಬಂದಿದೆ. ಫೆಬ್ರುವರಿ 28ರ ವಿಜ್ಞಾನ ದಿನದಂದು ಬಾಗಿಲು ತೆರೆದಿಟ್ಟರೆ ಜಾತ್ರೆಯಂತೆ ಜನ ಸೇರುತ್ತಾರೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸಿದ ಅರವಿಂದ ಗುಪ್ತ ಕೆಲಸ ಮಾಡಿದ್ದು ಇಲ್ಲಿನ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ. ಇದಕ್ಕೆಲ್ಲ ಬುನಾದಿ ಹಾಕಿದವರು ಸ್ಥಾಪಕ ನಿರ್ದೇಶಕ ಜಯಂತ ನಾರಳಿಕರ್. 2025ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ಇಲ್ಲಿನ ಮರಾಠಿ ಸಹೋದ್ಯೋಗಿಗಳು ಹೇಳಿಕೊಂಡದ್ದು ಅವರ ಸಿದ್ಧಾಂತದ ಬಗ್ಗೆ ಅಲ್ಲ, ಪೋಸ್ಟ್‌ಕಾರ್ಡಿನ ಬಗ್ಗೆ. ಮಕ್ಕಳು ಹಸ್ತಾಕ್ಷರ ಕೇಳಿದರೆ ಅವರು ಕೊಡುತ್ತಿರಲಿಲ್ಲವಂತೆ. ಒಂದು ಪ್ರಶ್ನೆ ಬರೆದು ಪೋಸ್ಟ್‌ಕಾರ್ಡ್ ಕಳಿಸು, ಉತ್ತರದ ಕೆಳಗೆ ಸಹಿ ಇರುತ್ತದೆ ಅನ್ನುತ್ತಿದ್ದರಂತೆ. ಮುಂಬೈನಲ್ಲಿ ಟಿಐಎಫ್‌ಆರ್‌ನವರು 2009ರಿಂದ ‘ಚಾಯ್ ಆ್ಯಂಡ್ ವೈ’ ಎಂಬ ಭಾನುವಾರದ ಮಾತುಕತೆ ನಡೆಸುತ್ತಿದ್ದಾರೆ. ಜುಹುವಿನ ಪೃಥ್ವಿ ಥಿಯೇಟರಿನಲ್ಲಿ ಚಹಾ ಕುಡಿಯುತ್ತಾ ವಿಜ್ಞಾನ ಮಾತಾಡಬಹುದು. ಮುಂಬೈನ ಕನ್ನಡಿಗರು ಒಮ್ಮೆ ಹೋಗಿ ನೋಡಿ.

‘ಇದೆಲ್ಲ ಹೇಳಲು ಚೆಂದ, ಕುಲಪತಿಯ ಕುರ್ಚಿಯ ಕಷ್ಟ ನಿನಗೇನು ಗೊತ್ತು’ ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಖಾಲಿ ಬಿದ್ದ ಬೋಧಕ ಹುದ್ದೆಗಳು, ಅತಿಥಿ ಉಪನ್ಯಾಸಕರ ಸಂಬಳ, ನಿವೃತ್ತರ ಪಿಂಚಣಿ, ನ್ಯಾಕ್ ತಂಡದ ಭೇಟಿ, ಸಂಯೋಜಿತ ಕಾಲೇಜುಗಳ ಪರೀಕ್ಷೆ, ಕೋರ್ಟಿನ ಕೇಸುಗಳು. ದಿನದ 24 ಗಂಟೆ ಸಾಲದು. ಗೇಟಿನಲ್ಲಿ ಗುರುತಿನ ಚೀಟಿ ಕೇಳುವುದಕ್ಕೂ ಕಾರಣಗಳಿವೆ. ಹಾಸ್ಟೆಲ್ಲಿನಲ್ಲಿರುವ ಹೆಣ್ಣುಮಕ್ಕಳ ಸುರಕ್ಷತೆ ಯಾವ ತಂದೆತಾಯಿಗೂ ಸಣ್ಣ ವಿಷಯವಲ್ಲ. ಇವನ್ನು ನಾನು ತಳ್ಳಿಹಾಕುವುದಿಲ್ಲ.

ಆದರೆ ನಾನು ಕೇಳುತ್ತಿರುವುದು ತಿಂಗಳಿಗೆ ಎರಡು ಗಂಟೆ. ಉದ್ಘಾಟನೆಗಳಲ್ಲಿ ಕಳೆಯುವ ಹೊತ್ತಿನ ಮುಂದೆ ಅದು ಏನೇನೂ ಅಲ್ಲ. ಸಭಾಂಗಣ ಹೇಗೂ ಇದೆ. ಬೇಕಿರುವುದು ಮೈಕು, ಒಂದಿಷ್ಟು ಟೀ, ಆ ಸಂಜೆ ಮಾತ್ರ ಗೇಟಿನಲ್ಲಿ ಹೆಸರು ಬರೆಸಿಕೊಂಡು ಒಳಬಿಡುವ ಏರ್ಪಾಡು. ಅಧ್ಯಕ್ಷತೆ, ನಿರೂಪಣೆ, ವಂದನಾರ್ಪಣೆ, ಹಾರ ತುರಾಯಿ ಯಾವುದೂ ಬೇಡ. ಮುಖ್ಯಸ್ಥರು ಬಂದು ಕೂರುತ್ತಾರೆ ಎಂದು ಗೊತ್ತಾದರೆ ಪ್ರಾಧ್ಯಾಪಕರೂ ಬರುತ್ತಾರೆ, ಪ್ರಾಧ್ಯಾಪಕರು ಬಂದರೆ ವಿದ್ಯಾರ್ಥಿಗಳೂ ಬರುತ್ತಾರೆ. ಸಾಫ್ಟ್‌ವೇರ್ ಕಂಪನಿಯಲ್ಲೂ ಅಷ್ಟೇ. ಮ್ಯಾನೇಜರ್ ಇ-ಮೇಲ್ ಕಳಿಸಿದ ತರಬೇತಿಗೆ ಯಾರೂ ಹೋಗುವುದಿಲ್ಲ, ಅವರೇ ಬಂದು ಕೂರುವ ತರಬೇತಿಗೆ ಕುರ್ಚಿ ಸಾಲುವುದಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. 2025ರ ಆರಂಭದಲ್ಲಿ ಹಾವೇರಿ, ಕೊಪ್ಪಳ, ಚಾಮರಾಜನಗರ ಸೇರಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಅಥವಾ ವಿಲೀನ ಮಾಡುವ ಪ್ರಸ್ತಾಪ ಸರ್ಕಾರದ ಮುಂದೆ ಬಂತು. ದುಡ್ಡಿಲ್ಲ, ಸಿಬ್ಬಂದಿ ಇಲ್ಲ ಎಂಬುದು ಕಾರಣ. ವಿರೋಧವೂ ಕೇಳಿಬಂತು. ಆ ಲೆಕ್ಕಾಚಾರ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನನಗೆ ಕಾಡಿದ ಪ್ರಶ್ನೆ, ತನ್ನ ಊರಿನ ವಿಶ್ವವಿದ್ಯಾಲಯದ ಒಳಗೆ ಒಮ್ಮೆಯೂ ಕಾಲಿಡದ ಕಿರಾಣಿ ಅಂಗಡಿಯವರು, ರೈತರು, ಶಾಲೆ ಮೇಷ್ಟ್ರು ಅದನ್ನು ಉಳಿಸಿ ಎಂದು ಯಾಕೆ ದನಿ ಎತ್ತಬೇಕು? ಊರಿನ ದೇವಸ್ಥಾನ ಮುಚ್ಚುತ್ತೇವೆ ಎಂದರೆ ಎಲ್ಲರೂ ಬೀದಿಗೆ ಬರುತ್ತಾರೆ, ಏಕೆಂದರೆ ಅಲ್ಲಿ ಅವರ ಪಾಲಿದೆ. ವಿಶ್ವವಿದ್ಯಾಲಯದಲ್ಲಿ ಅವರಿಗೆ ಪಾಲು ಕೊಟ್ಟವರು ಯಾರು?

ಇನ್ನು ನಮ್ಮ ಪಾಲಿನ ಮಾತು. ಹೊರನಾಡಿನಲ್ಲಿರುವ ನಾವು ಊರಿನ ಕಾಲೇಜಿಗೆ ಏನಾದರೂ ಮಾಡಬೇಕು ಎಂದು ಹೊರಟರೆ ಮೊದಲು ಹೊಳೆಯುವುದು ಹಣ. ಸ್ವಾಗತ ಕಮಾನು, ರಂಗಮಂದಿರಕ್ಕೆ ಬಣ್ಣ, ದಾನಿಗಳ ಹೆಸರಿನ ಕಲ್ಲು. ಅದು ತಪ್ಪಲ್ಲ. ಆದರೆ ಕಳೆದ ದೀಪಾವಳಿಗೆ ಊರಿಗೆ ಹೋದಾಗ ಗೆಳೆಯನೊಬ್ಬನ ಒತ್ತಾಯಕ್ಕೆ ತಾಲ್ಲೂಕಿನ ಪದವಿ ಕಾಲೇಜಿನಲ್ಲಿ ಒಂದು ಗಂಟೆ ಮಾತಾಡಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ನಾವು ಗುಂಡಿ ಒತ್ತಿದ ಮೇಲೆ ಹಿಂದೆ ಏನೇನು ನಡೆಯುತ್ತದೆ ಎಂಬುದು ವಿಷಯ. ಕೊನೆಗೆ ಬಿಸಿಎ ಓದುವ ಹುಡುಗಿ ಎದ್ದು ನಿಂತು ಕೇಳಿದಳು: ‘ಸರ್, ಕೋಡ್ ಬರೆಯೋಕೆ ಬರುತ್ತೆ, ಅದರ ಬಗ್ಗೆ ಇಂಗ್ಲಿಷಲ್ಲಿ ಮಾತಾಡೋಕೆ ಬರಲ್ಲ. ಅಂಥವರನ್ನ ಕೆಲಸಕ್ಕೆ ತಗೋತಾರಾ?’ ತಗೋತಾರೆ, ಆದರೆ ಮೊದಲ ಸುತ್ತಿನ ಸಂದರ್ಶನದಲ್ಲಿ ಕಷ್ಟವಾಗುತ್ತೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಸುತ್ತಿನಲ್ಲಿ ಏನು ಕೇಳುತ್ತಾರೆ, ಹೇಗೆ ಅಭ್ಯಾಸ ಮಾಡಬೇಕು ಎಂಬ ಮಾತೇ ಮತ್ತೆ ಒಂದು ಗಂಟೆ ನಡೆಯಿತು. ಆ ಪ್ರಶ್ನೆಯನ್ನು ಅವಳು ಎಷ್ಟು ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೋ. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಕಮಾನಿಗೆ ಕೊಟ್ಟ ದುಡ್ಡು ಅವಳಿಗೆ ಈ ಉತ್ತರ ಕೊಡುತ್ತಿರಲಿಲ್ಲ.

ಪುಣೆ, ಮುಂಬೈ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ನಮ್ಮಂಥವರು ಸಾವಿರಾರು ಮಂದಿ ಇದ್ದೇವೆ. ವೈದ್ಯರು, ಬ್ಯಾಂಕಿನವರು, ನರ್ಸುಗಳು, ಹೋಟೆಲ್ ಉದ್ಯಮಿಗಳು, ಲೆಕ್ಕಪರಿಶೋಧಕರು. ಎಲ್ಲರೂ ಹಬ್ಬಕ್ಕೋ ಮದುವೆಗೋ ವರ್ಷಕ್ಕೆ ಎರಡು ಸಲವಾದರೂ ಊರಿಗೆ ಹೋಗುತ್ತೇವೆ. ಆ ರಜೆಯಲ್ಲಿ ಒಂದು ಮಧ್ಯಾಹ್ನ ಹತ್ತಿರದ ಕಾಲೇಜಿಗೆ ಎಂದು ತೆಗೆದಿಡೋಣ. ಭಾಷಣ ಬೇಡ, ನಾವು ಮಾಡುವ ಕೆಲಸವನ್ನು ಕನ್ನಡದಲ್ಲಿ ವಿವರಿಸಿ ಪ್ರಶ್ನೆಗಳಿಗೆ ಕಾಯೋಣ. ನಾವಿರುವ ಊರುಗಳಲ್ಲೂ ಅಷ್ಟೇ. ರಾಜ್ಯೋತ್ಸವದ ಆರ್ಕೆಸ್ಟ್ರಾ ಇರಲಿ, ಅದರ ಜೊತೆಗೆ ಕನ್ನಡ ಸಂಘ ತಿಂಗಳಿಗೊಂದು ಮಾತುಕತೆ ಇಟ್ಟುಕೊಳ್ಳಲಿ. ಮುಂಬೈ ವಿಶ್ವವಿದ್ಯಾಲಯದಲ್ಲಿ, ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಕನ್ನಡ ವಿಭಾಗಗಳಿವೆ, ದೆಹಲಿಯ ಜೆಎನ್‌ಯುನಲ್ಲಿ ಕನ್ನಡ ಪೀಠವಿದೆ. ಅಲ್ಲಿನ ಸಂಶೋಧಕರನ್ನು ಸಂಘಕ್ಕೆ ಕರೆಯಬಹುದು, ನಾವೂ ಅಲ್ಲಿಗೆ ಹೋಗಿ ಕೂರಬಹುದು. ವಿಭಾಗದ ಬಾಗಿಲಿಗೆ ಊರಿನ ಕನ್ನಡಿಗರು ಬರುತ್ತಾರೆ ಎಂದಾದರೆ ಆ ವಿಭಾಗಗಳಿಗೂ ಬಲ.

ಹಾಗೆ ಕಾಲೇಜಿಗೆ ಹೋದಾಗ ಒಂದು ಷರತ್ತು ಹಾಕೋಣ. ಶಾಲು, ಪೇಟ, ಹಣ್ಣಿನ ಬುಟ್ಟಿ ಬೇಡ. ಬದಲಿಗೆ ಪ್ರಾಂಶುಪಾಲರು, ಸಾಧ್ಯವಾದರೆ ಕುಲಪತಿಗಳೂ, ಮೊದಲಿನಿಂದ ಕೊನೆಯವರೆಗೆ ವಿದ್ಯಾರ್ಥಿಗಳ ಸಾಲಿನಲ್ಲಿ ಕುಳಿತಿರಬೇಕು. ಆ ಬಿಸಿಎ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರಿಸಲು ನಾನು ಸಾಕು. ಅಂಥ ಪ್ರಶ್ನೆ ಕೇಳುವವರಿಗಾಗಿ ಪಠ್ಯವನ್ನೂ ತರಬೇತಿಯನ್ನೂ ಬದಲಿಸುವ ಅಧಿಕಾರ ಇರುವುದು ಅವರ ಕೈಯಲ್ಲಿ. ಆ ಪ್ರಶ್ನೆ ಅವರ ಕಿವಿಗೂ ಬೀಳಲಿ.