ಮೊದಲನೆಯ ಬಿಲ್ಲು ಮಕ್ಕಳ ಕೈಯಲ್ಲಿಯೇ ಇರಲಿ

ಕಳೆದ ಬೇಸಗೆಯ ರಜೆಯಲ್ಲಿ ಒಂಬತ್ತನೆಯ ತರಗತಿಯ ನನ್ನ ಮಗನು ತನ್ನ ಕೈಯಿಂದಲೇ ಮರದ ಬಿಲ್ಲೊಂದನ್ನು ಮಾಡಲು ತೊಡಗಿದನು. ಅದನ್ನು ಮುರಿದವನು ನಾನು. ಶ್ರೀರಾಮಚಂದ್ರನು ಬಿಲ್ಲು ಮುರಿದು ಸೀತೆಯನ್ನು ಪಡೆದನು. ನನಗೆ ದೊರೆತುದು ಮನೆಯವರ ಮೌನ ಮಾತ್ರ. ಇಷ್ಟು ಸಣ್ಣ ಸಂಗತಿಯನ್ನು ಪತ್ರಿಕೆಯಲ್ಲಿ ಬರೆಯುವ ಅಗತ್ಯವೇನೆಂದು ವಾಚಕರು ಕೇಳಬಹುದು. ಮುರಿದುದು ಮರದ ತುಂಡೊಂದೇ ಆಗಿದ್ದರೆ ನಾನೂ ಬರೆಯುತ್ತಿರಲಿಲ್ಲ. ಹೊಟ್ಟೆಪಾಡಿಗೆಂದು ಮುಂಬಯಿಗೆ ಬಂದು ನೆಲೆನಿಂತ ನಮ್ಮಂತಹ ತಂದೆತಾಯಿಗಳು ಮಕ್ಕಳ ವಿಷಯದಲ್ಲಿ ಪ್ರೀತಿಯ ಹೆಸರಿನಲ್ಲಿಯೇ ನಡೆಸುತ್ತಿರುವ ಒಂದು ತಪ್ಪು ಅಂದು ನನಗೆ ಮನವರಿಕೆಯಾಯಿತು. ಅದನ್ನು ಬಾಂಧವರ ಮುಂದೆ ಒಪ್ಪಿಕೊಳ್ಳುವುದು ಲೇಸೆಂದು ತೋರಿತು.

ಮೊದಲು ಮರದ ಮಾತು. ಊರಿನ ನಮ್ಮ ಮನೆಯ ಅಟ್ಟದಲ್ಲಿ ಹಾರೆ ಪಿಕ್ಕಾಸುಗಳಿಗೆ ಹಿಡಿ ಹಾಕಲೆಂದು ನನ್ನ ತಂದೆಯವರು ಎತ್ತಿಟ್ಟಿದ್ದ ತಡಸಲು ಮರದ ಎರಡು ಸೀಳುಗಳು ವರ್ಷಗಳಿಂದ ಹೊಗೆಯಲ್ಲಿ ಒಣಗಿ ಬಿದ್ದಿದ್ದವು. ಮಗನು ಅವನ್ನು ಬಸ್ಸಿನಲ್ಲಿ ಹೊತ್ತು ತಂದನು. ಪಶ್ಚಿಮ ಘಟ್ಟದ ಈ ಮರವನ್ನು ಮರಾಠಿಯವರು ಧಾಮಣವೆನ್ನುತ್ತಾರೆ. ಸಂಸ್ಕೃತದಲ್ಲಿ ಇದಕ್ಕೆ ಧನುರ್ವೃಕ್ಷವೆಂದೇ ಹೆಸರು. ಬಾಗಿದರೂ ಮುರಿಯದೆ ಮರಳಿ ನೆಟ್ಟಗಾಗುವ ಗುಣದಿಂದ ಹೊರೆ ಹೊರುವ ಅಡ್ಡೆಗೂ ಕೊಡಲಿಯ ಕಾವಿಗೂ ಬಿಲ್ಲಿಗೂ ನಮ್ಮ ಹಿರಿಯರು ಇದನ್ನು ಬಳಸುತ್ತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿನ ನಾಲ್ಕು ಮೂಲಗಳನ್ನು ಎಣಿಸಿದೆ. ಹೆದೆಗೆ ಮೂರ್ವಾ, ಎಕ್ಕ, ಸೆಣಬು, ಬಿದಿರು ಮೊದಲಾದವುಗಳ ನಾರನ್ನೂ ಪ್ರಾಣಿಗಳ ನರವನ್ನೂ ಹೇಳಿದೆ. ಅಟ್ಟದ ಮೇಲೆ ಇಂತಹ ಸೊತ್ತು ಇದ್ದುದು ಎಸ್.ಎಸ್.ಎಲ್.ಸಿ. ಮುಗಿಸಿ ಊರು ಬಿಟ್ಟ ನನಗೆ ತಿಳಿದಿರಲಿಲ್ಲ. ಪುಸ್ತಕ ಓದಿದ ಮಗನಿಗೆ ತಿಳಿದಿತ್ತು.

ತಂದೆಯವರು ಮರವನ್ನು ಗರಗಸದಿಂದ ಕೊಯ್ಯದೆ ಕೊಡಲಿಯಿಂದ ಏಕೆ ಸೀಳಿದ್ದರೆಂಬುದೂ ನನಗೆ ಈಗ ಅರ್ಥವಾಯಿತು. ಗರಗಸದ ಹಲ್ಲಿಗೆ ಮರದ ಎಳೆ ಕಾಣದು. ಅದು ಅಡ್ಡವಾಗಿ ಕಡಿದುಕೊಂಡು ಹೋಗುತ್ತದೆ. ಸೀಳು ಎಳೆಯನ್ನೇ ಹಿಡಿದು ಸಾಗುತ್ತದೆ. ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ, ಅಂದರೆ ಬೆನ್ನು, ಹಿಗ್ಗುತ್ತದೆ. ನಮ್ಮ ಕಡೆಗಿರುವ ಮೈ, ಅಂದರೆ ಹೊಟ್ಟೆ, ಕುಗ್ಗುತ್ತದೆ. ಹಿಗ್ಗುವ ಬೆನ್ನಿನಲ್ಲಿ ಎಳೆ ತುಂಡಾಗಿದ್ದರೆ ಅಲ್ಲಿಯೇ ಸಿಬಿರೆದ್ದು ಬಿಲ್ಲು ಒಡೆಯುವುದು. ಆದುದರಿಂದ ಹೊಸಬನು ಪಾಲಿಸಬೇಕಾದ ಮೊದಲನೆಯ ನಿಯಮ, ಗಂಟಿಲ್ಲದ, ತುದಿಯಿಂದ ತುದಿಗೆ ಎಳೆ ನೇರವಾಗಿ ಓಡಿರುವ, ಚೆನ್ನಾಗಿ ಒಣಗಿದ ಮರವನ್ನು ಆರಿಸುವುದು. ಎರಡನೆಯದು, ಬೆನ್ನನ್ನು ಮುಟ್ಟದೆ ಹೊಟ್ಟೆಯ ಕಡೆಯಿಂದಲೇ ಮರವನ್ನು ತೆಗೆಯುವುದು.

ಮಗನು 66 ಅಂಗುಲ ಉದ್ದದ ಸೀಳಿನ ನಡುವೆ 4 ಅಂಗುಲವನ್ನು ಹಿಡಿಗೆಂದು ದಪ್ಪವಾಗಿಯೇ ಬಿಟ್ಟನು. ಎರಡೂ ತೋಳುಗಳ ಅಗಲವನ್ನು ಹಿಡಿಯ ಬಳಿ ಒಂದೂವರೆ ಅಂಗುಲವಿಟ್ಟು, ತುದಿಗೆ ಹೋಗುತ್ತ ಅರ್ಧ ಅಂಗುಲಕ್ಕೆ ಇಳಿಸಿದನು. ಈಗ ನನ್ನ ತಮ್ಮನ ಕೈಯಲ್ಲಿರುವ ನಮ್ಮ ಹೋಟೆಲಿನ ಹಿಂದಣ ಉಗ್ರಾಣವೇ ಅವನ ಕಾರ್ಖಾನೆಯಾಯಿತು. ಮುಂಬಯಿಯ ಬಡಗಿಗಳು ರಂಧಾ ಎನ್ನುವ ಕೀಸುಳಿ, ಒಂದು ಅರ, ಗಾಜಿನ ಚೂರು, ಉಪ್ಪುಕಾಗದ, ಇಷ್ಟೇ ಅವನ ಸಲಕರಣೆ.

ಇಲ್ಲಿಯವರೆಗಿನದು ಬಡಗಿಯ ಕೆಲಸ. ಬಿಲ್ಲುಗಾರನ ಕೆಲಸ ಇಲ್ಲಿಂದ ಮುಂದೆ. ಎರಡೂ ತೋಳುಗಳು ಒಂದೇ ಸಮನಾಗಿ, ಎಲ್ಲಿಯೂ ಮೂಲೆಬೀಳದೆ ಬಾಗುವಂತೆ ಹೊಟ್ಟೆಯನ್ನು ಕೆರೆದು ಸರಿಪಡಿಸಬೇಕು. ಬಿಗಿಯಾಗಿರುವ ಕಡೆ ಸ್ವಲ್ಪ ಕೆರೆಯುವುದು. ಹೆಚ್ಚು ಬಾಗುವ ಕಡೆಗೆ ಕೈಯಿಡದಿರುವುದು. ಒಮ್ಮೆ ಕೆರೆದ ಮೇಲೆ ಇಪ್ಪತ್ತು ಮೂವತ್ತು ಸಲ ಮೆಲ್ಲನೆ ಬಾಗಿಸಿ ಮರಕ್ಕೆ ಹೊಸ ರೂಪವನ್ನು ಅಭ್ಯಾಸಮಾಡಿಸುವುದು. ಅನಂತರ ಮತ್ತೆ ನೋಡುವುದು. ಇದರಲ್ಲಿ ಅವಸರ ಸಲ್ಲದೆಂಬುದಕ್ಕೆ ಲೆಕ್ಕದ ಆಧಾರವೂ ಇದೆ. ತೋಳಿನ ಅಗಲವನ್ನು ಅರ್ಧಮಾಡಿದರೆ ಅದರ ಬಿಗಿ ಅರ್ಧವಾಗುತ್ತದೆ. ದಪ್ಪವನ್ನು ಅರ್ಧಮಾಡಿದರೆ ಬಿಗಿ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ದಪ್ಪದಲ್ಲಿ ಹತ್ತನೆಯ ಒಂದು ಪಾಲು ಹೋದರೂ ಬಿಗಿಯಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚು ಹೋದಂತೆಯೇ. ಸಾರಿಗೆ ಉಪ್ಪು ಕಡಿಮೆಯಾದರೆ ಹಾಕಬಹುದು, ಹೆಚ್ಚಾದರೆ ತೆಗೆಯುವುದೆಂತು? ಬಿಲ್ಲಿನ ಮರವೂ ಹಾಗೆಯೇ. ತೆಗೆದುದನ್ನು ಮರಳಿ ಹಚ್ಚಲು ಬಾರದು.

ಮಗನು ದಿನಕ್ಕೆ ಒಂದು ಗಂಟೆಯಂತೆ ಹನ್ನೆರಡು ದಿನ ಕೆರೆದನು. ಉದ್ದವಾದ ಹಗ್ಗ ಕಟ್ಟಿ ನಾಲ್ಕು ಬೆರಳಿನಷ್ಟು ಎಳೆಯುವನು, ದೂರ ನಿಂತು ನೋಡುವನು, ಪೆನ್ಸಿಲಿನಿಂದ ಗುರುತು ಹಾಕುವನು, ಮತ್ತೆ ಕೆರೆಯುವನು. ಹದಿಮೂರನೆಯ ದಿನ ಭಾನುವಾರ. ನಾನು ಉಗ್ರಾಣಕ್ಕೆ ಹೋದೆನು. ಮೇಲಿನ ತೋಳು ಇನ್ನೂ ಬಿಗಿಯಾಗಿದ್ದುದು ನನ್ನ ಕಣ್ಣಿಗೂ ಕಂಡಿತು. “ಹೀಗೆ ಗೀಚುತ್ತಿದ್ದರೆ ದೀಪಾವಳಿಯ ತನಕವೂ ಮುಗಿಯದು, ಇತ್ತ ಕೊಡು” ಎಂದು ಕೀಸುಳಿಯನ್ನು ಅವನ ಕೈಯಿಂದ ತೆಗೆದುಕೊಂಡು, ತೋಳಿನ ನಡುವಿನಲ್ಲಿ ಏಳೆಂಟು ಸಲ ಬಲವಾಗಿ ಎಳೆದೆನು. ಹೆದೆ ಕಟ್ಟಿ, ನಾಲ್ಕು ಬೆರಳಿನ ಮಾತನ್ನು ಮರೆತು, ಒಮ್ಮೆಗೇ ಕಿವಿಯವರೆಗೆ ಎಳೆದೆನು. ಉಗ್ರಾಣವೆಲ್ಲ ಕೇಳುವಂತೆ ಸದ್ದಾಯಿತು. ಮಗನು ತುಂಡನ್ನು ಎತ್ತಿ ನೋಡಿ, “ಅಪ್ಪಾ, ಆ ಜಾಗ ಮೊದಲೇ ಬಾಗುತ್ತಿತ್ತು, ಬಿಗಿಯಿದ್ದುದು ಹಿಡಿಯ ಹತ್ತಿರ” ಎಂದನು. ಮರದ ಮೇಲೆ ಅವನ ಪೆನ್ಸಿಲಿನ ಗುರುತು ಹಿಡಿಯ ಹತ್ತಿರವೇ ಇತ್ತು. ನಾನು ಅದನ್ನು ನೋಡಿರಲಿಲ್ಲ.

ಅಂದು ರಾತ್ರಿ ನನಗೆ ನೆನಪಾದವರು ನಮ್ಮ ಭಟ್ಟರು. ಹದಿನಾರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಒಂದು ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದ ನನ್ನನ್ನು ಅವರು ಒಂದು ಮುಂಜಾವ ದೋಸೆಯ ಕಾವಲಿಯ ಮುಂದೆ ನಿಲ್ಲಿಸಿದರು. ಮೊದಲನೆಯ ದೋಸೆ ಹರಿಯಿತು, ಎರಡನೆಯದು ಕರಿಯಿತು, ಹತ್ತನೆಯದೂ ಏಳಲಿಲ್ಲ. ಹೊರಗೆ ಗಿರಾಕಿಗಳು ಕೂಗುತ್ತಿದ್ದರು. ಭಟ್ಟರು ಪಕ್ಕದಲ್ಲಿಯೇ ನಿಂತಿದ್ದರು. ಸಟ್ಟುಗವನ್ನು ಮಾತ್ರ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. “ನೀರು ಚಿಮುಕಿಸಿ ಸದ್ದು ಕೇಳು ಮಾರಾಯ, ಕಾವಲಿಯೇ ಹೇಳುತ್ತದೆ” ಎಂದಷ್ಟೇ ಹೇಳಿದರು. ಅಂದು ಹಾಳಾದ ಹಿಟ್ಟಿನ ಬೆಲೆಯನ್ನು ಯಜಮಾನರು ನನ್ನ ಸಂಬಳದಲ್ಲಿ ಹಿಡಿಯಲೂ ಇಲ್ಲ. ಆ ಹಿಟ್ಟಿನ ಮೇಲೆ ನನ್ನ ಹೋಟೆಲು, ನನ್ನ ಮನೆ, ಮಗನ ಶಾಲೆಯ ಶುಲ್ಕ ಎಲ್ಲವೂ ನಿಂತಿವೆ. ಹಾಗೆ ಕಲಿತ ನಾನು ನನ್ನ ಮಗನಿಗೆ ಒಂದು ಮರದ ಸೀಳನ್ನು ಹಾಳುಮಾಡುವ ಹಕ್ಕನ್ನೂ ಕೊಡಲಿಲ್ಲ!

ಇದು ನನ್ನೊಬ್ಬನ ಮನೆಯ ಕಥೆಯಲ್ಲವೆಂದು ನಂಬಿದ್ದೇನೆ. ನಮ್ಮ ಹಿಂದಿನ ಪೀಳಿಗೆಯವರು ಕೈಯ ದುಡಿಮೆಯಿಂದ ಈ ನಗರದಲ್ಲಿ ಅನ್ನ ಕಂಡರು. ಹಗಲು ಲೋಟ ತೊಳೆದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತರು. ನಾವು ನಮ್ಮ ಮಕ್ಕಳ ಕೈಗೆ ಕೆಲಸ ತಾಗಬಾರದೆಂದು ಕಾಯುತ್ತಿದ್ದೇವೆ. ಶಾಲೆಯ ಮಾದರಿಯನ್ನು ತಂದೆ ಮಾಡುತ್ತಾನೆ, ಚಿತ್ರವನ್ನು ತಾಯಿ ತಿದ್ದುತ್ತಾಳೆ, ಬಹುಮಾನವನ್ನು ಮಗು ತರುತ್ತದೆ. ತಾನು ಮಾಡಿದ ತಪ್ಪನ್ನು ತಾನೇ ಕಂಡು ಸರಿಪಡಿಸುವ ಶಕ್ತಿ ಹೀಗೆ ಬರುವುದೆಂತು? ಮರಕ್ಕೆ ದಾಕ್ಷಿಣ್ಯವಿಲ್ಲ. ಸರಿಯಾಗಿ ಕೆರೆದರೆ ಬಾಗುತ್ತದೆ, ತಪ್ಪಿದರೆ ಮುರಿಯುತ್ತದೆ. ಇಂತಹ ಗುರು ಇಂದಿನ ಮಕ್ಕಳಿಗೆ ದುರ್ಲಭ.

ಆಕ್ಷೇಪಗಳು ಇಲ್ಲದಿಲ್ಲ. ಬಿಲ್ಲು ಆಯುಧವಲ್ಲವೇ ಎಂದು ಮಿತ್ರರೊಬ್ಬರು ಕೇಳಿದರು. ಅಹುದು; ಆದುದರಿಂದಲೇ ನಿಯಮಗಳು ಕಟ್ಟುನಿಟ್ಟಾಗಿರಬೇಕು. ಹಿರಿಯರೊಬ್ಬರ ಸಮ್ಮುಖದಲ್ಲಿ, ತೆರೆದ ಮೈದಾನದಲ್ಲಿ, ಗುರಿಯ ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡೇ ಬಾಣ ಬಿಡಬೇಕು. ಬಾಣವಿಲ್ಲದೆ ಹೆದೆಯನ್ನು ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ವೇಗ ಬಿಲ್ಲಿನ ತೋಳಿಗೇ ತಿರುಗಿ ಅದನ್ನು ಒಡೆಯುತ್ತದೆ. ಪ್ರಾಣಿಪಕ್ಷಿಗಳತ್ತ ಗುರಿಯಿಡುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಬೇಟೆ ಅಪರಾಧ. ಮರಕ್ಕಾಗಿ ಕಾಡಿಗೆ ಕೊಡಲಿ ಹಾಕುವುದೂ ಸಲ್ಲದು. ಅಟ್ಟದಲ್ಲಿ ಸೀಳಿಲ್ಲದವರು ಬಿದಿರಿನಿಂದ ಆರಂಭಿಸಬಹುದು.

ಅಂಗಡಿಯಲ್ಲಿ ಸಿದ್ಧವಾದುದು ಸಿಗುವಾಗ ಇಷ್ಟು ಶ್ರಮವೇಕೆ, ಇದು ಆಟಿಕೆಯಲ್ಲವೇ ಎಂಬುದು ಇನ್ನೊಂದು ಆಕ್ಷೇಪ. 1855ರಲ್ಲಿ ಸಂತಾಲರು ಕಂಪೆನಿಯ ಸೈನ್ಯವನ್ನು ಎದುರಿಸಿದುದು ತಮ್ಮ ಕೈಯ ಬಿಲ್ಲುಗಳಿಂದಲೇ. ವಯನಾಡಿನ ಕುರಿಚ್ಯರು ಪಳಶಿರಾಜನ ಪಕ್ಷದಲ್ಲಿ ಹಿಡಿದುದೂ ಬಿಲ್ಲನ್ನೇ. ಇಂದಿಗೂ ನಮ್ಮ ದೇಶದ ಬಿಲ್ವಿದ್ಯೆಯ ಸ್ಪರ್ಧೆಗಳಲ್ಲಿ ಇಂಡಿಯನ್ ರೌಂಡ್ ಎಂಬ ವಿಭಾಗವು ಬಿದಿರು ಮತ್ತು ಮರದ ಬಿಲ್ಲಿಗೆಂದೇ ಇದೆ. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎರಡು ಚಿನ್ನದ ಪದಕಗಳನ್ನು ಗೆದ್ದ ರಾಂಚಿಯ ದೀಪಿಕಾ ಕುಮಾರಿ, ಆಟೋರಿಕ್ಷಾ ಚಾಲಕರ ಮಗಳು, ಬಾಲ್ಯದಲ್ಲಿ ಅಭ್ಯಾಸ ಮಾಡಿದುದು ಮನೆಯಲ್ಲಿ ಮಾಡಿದ ಬಿದಿರಿನ ಬಿಲ್ಲಿನಿಂದ. ಎಲ್ಲ ಮಕ್ಕಳೂ ಪದಕ ತರುವರೆಂದು ನಾನು ಹೇಳುತ್ತಿಲ್ಲ. ಮನೆಯ ಬಿಲ್ಲನ್ನು ಆಟಿಕೆಯೆಂದು ತಳ್ಳುವವರಿಗೆ ಇಷ್ಟು ಉತ್ತರ ಸಾಕು.

ಉಳಿದಿದ್ದ ಎರಡನೆಯ ಸೀಳನ್ನು ಮಗನು ಮರುದಿನವೇ ಎತ್ತಿಕೊಂಡನು. ಮಳೆ ಬರುವ ಮೊದಲು ಮುಗಿಸಬೇಕಾಗಿತ್ತು. ತೇವ ಹೀರಿದ ಮರದ ಬಿಲ್ಲು ಹೆದೆ ಬಿಚ್ಚಿದ ಮೇಲೂ ಬಾಗಿಯೇ ಉಳಿದು ಬಲಗುಂದುತ್ತದೆ. ನಾನು ದಿನವೂ ಉಗ್ರಾಣಕ್ಕೆ ಹೋಗಿ ಅಕ್ಕಿಮೂಟೆಯ ಮೇಲೆ ಕುಳಿತೆನು. ಎರಡು ಸಲ ನನ್ನ ಕೈ ಕೀಸುಳಿಯ ಕಡೆಗೆ ಹೋಯಿತೆಂಬುದನ್ನು ಮುಚ್ಚಿಡಲಾರೆ. ಎರಡು ಸಲವೂ ಹಿಂದೆಗೆದುಕೊಂಡೆನು. ಮೇ ತಿಂಗಳ ಕೊನೆಯಲ್ಲಿ ಬಿಲ್ಲು ಸಿದ್ಧವಾಯಿತು. ಹೋಟೆಲಿನ ಕೊಕ್ಕೆತಕ್ಕಡಿಗೆ ಹೆದೆಯನ್ನು ಸಿಕ್ಕಿಸಿ ಪೂರ್ತಿಯಾಗಿ ಎಳೆದಾಗ 10 ಕಿಲೋಗ್ರಾಮು ತೋರಿಸಿತು. ಹೊಸಬನಿಗೆ ಅದಕ್ಕಿಂತ ಹೆಚ್ಚು ಬೇಡ. ಕೆಳಗಿನ ತೋಳು ಮೇಲಿನದಕ್ಕಿಂತ ತುಸು ಬಿಗಿ, ತುದಿಯ ಒಂದು ಕಚ್ಚು ಓರೆ. ಪರಿಚಿತ ವ್ಯಾಯಾಮ ಶಿಕ್ಷಕರ ಮೈದಾನದಲ್ಲಿ ಹದಿನೈದು ಹೆಜ್ಜೆಯ ದೂರದಿಂದ ಬಿಟ್ಟ ಆರು ಬಾಣಗಳಲ್ಲಿ ನಾಲ್ಕು ಹುಲ್ಲಿನ ಮೂಟೆಗೆ ತಗಲಿದವು. ಉಳಿದೆರಡನ್ನು ಹುಡುಕಿ ತಂದವನು ನಾನು.

ನಮ್ಮ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ಅರಿಕೆ. ಬೇಸಗೆಯ ಶಿಬಿರಗಳಲ್ಲಿ ಭಾಷಣಗಳನ್ನು ಒಂದು ದಿನ ಕಡಿಮೆಮಾಡಿ, ಆ ದಿನ ಮಕ್ಕಳ ಕೈಗೆ ಬಿದಿರನ್ನೂ ಮರವನ್ನೂ ಹತ್ಯಾರುಗಳನ್ನೂ ಕೊಡಿ. ಬಿಲ್ಲೇ ಆಗಬೇಕೆಂದಿಲ್ಲ, ಮಣೆಯಾದರೂ ಆಗಲಿ, ಬುಗುರಿಯಾದರೂ ಆಗಲಿ. ಕಲಿಸಲು ಒಬ್ಬ ಬಡಗಿಯನ್ನು ಗೌರವಧನ ಕೊಟ್ಟು ಕರೆಯಿರಿ. ತಂದೆತಾಯಿಗಳಿಗೆ ಕುರ್ಚಿಗಳನ್ನು ಸ್ವಲ್ಪ ದೂರದಲ್ಲಿ ಹಾಕಿಸಿರಿ. ನನ್ನ ಕುರ್ಚಿಯನ್ನು ಎಲ್ಲಕ್ಕಿಂತ ದೂರದಲ್ಲಿ ಇರಿಸಿದರೂ ಚಿಂತೆಯಿಲ್ಲ.