ಇ.ಡಿ.ಗೆ ಮೂರು ದನಿ

ಇ.ಡಿ. ಎಂದ ಕೂಡಲೇ ದಾಳಿ, ಸಮನ್ಸ್ ಎಂದೆಲ್ಲ ಗಾಬರಿಯಾಗಬೇಡಿ. ನಾನು ಹೇಳಹೊರಟಿರುವುದು ಇಂಗ್ಲಿಷ್ ಕ್ರಿಯಾಪದಗಳ ಬಾಲಕ್ಕೆ ಅಂಟಿಕೊಂಡು, ಕೆಲಸ ಮುಗಿದಿದೆ ಎಂದು ಸಾರುವ ‘ಇ’, ‘ಡಿ’ ಎಂಬ ಎರಡು ಅಕ್ಷರಗಳ ಬಗ್ಗೆ.

ಆಫೀಸಿನ ಕಾಲ್‌ಗಳಲ್ಲಿ ನಮ್ಮೂರ ಕಡೆಯಿಂದ ಬಂದ ಹುಡುಗರು ‘ವರ್ಕೆಡ್’, ‘ಆಸ್ಕೆಡ್’ ಎನ್ನುವುದನ್ನು ಕೇಳುತ್ತಿರುತ್ತೇನೆ. ಯಾರೋ ಕಿಸಕ್ಕೆಂದು ನಗುತ್ತಾರೆ. ಆಮೇಲೆ ಆ ಹುಡುಗರು ಬಾಯಿ ಬಿಡುವುದೇ ಕಡಿಮೆ, ಎಲ್ಲವನ್ನೂ ಚಾಟ್‌ನಲ್ಲೇ ಬರೆದು ಸುಮ್ಮನಾಗುತ್ತಾರೆ. ಕೆಲಸ ಬಲ್ಲವರ ಬಾಯಿ ಎರಡಕ್ಷರಕ್ಕೆ ಕಟ್ಟಿಹೋಗಬೇಕೆ?

ಅವರು ಹಾಗೆನ್ನಲು ಕಾರಣವಿದೆ. ಬರೆದಂತೆ ಓದುವುದು ನಮ್ಮ ಅಭ್ಯಾಸ. ಪದದ ಕೊನೆಯಲ್ಲಿ ಸ್ವರ ಬೇಕೆನ್ನುವುದು ನಮ್ಮ ನಾಲಿಗೆಯ ಅಭ್ಯಾಸ. ಬಸ್ ‘ಬಸ್ಸು’ ಆದದ್ದು ಹಾಗೆಯೇ. ಇಂಗ್ಲಿಷರೂ ಕೆಲವು ಶತಮಾನಗಳ ಹಿಂದೆ ಈ ಬಾಲವನ್ನು ಬಿಡಿಸಿಯೇ ಉಚ್ಚರಿಸುತ್ತಿದ್ದರು. ‘ನೇಕಿಡ್’, ‘ವಿಕಿಡ್’ ಪದಗಳಲ್ಲಿ ಅದು ಇಂದಿಗೂ ಉಳಿದಿದೆ.

ಈಗಿನ ನಿಯಮದ ಕೀಲಿಕೈ ನಮ್ಮ ವರ್ಣಮಾಲೆಯಲ್ಲೇ ಇದೆ. ಗಂಟಲ ಮೇಲೆ ಬೆರಳಿಟ್ಟು ‘ಸ್’ ಎನ್ನಿ, ನಡುಕವಿಲ್ಲ. ‘ಮ್’ ಎನ್ನಿ, ನಡುಗುತ್ತದೆ. ಶಾಲೆಯಲ್ಲಿ ಕಲಿತ ಅಘೋಷ, ಘೋಷ ಇವೇ. ಕ್ರಿಯಾಪದ ಅಘೋಷದಲ್ಲಿ ಮುಗಿದರೆ ಬಾಲ ‘ಟ್’: ವರ್ಕ್ಟ್, ಸ್ಟಾಪ್ಟ್, ವಾಚ್ಟ್. ಘೋಷದಲ್ಲೋ ಸ್ವರದಲ್ಲೋ ಮುಗಿದರೆ ‘ಡ್’: ಕಾಲ್ಡ್, ಪ್ಲೇಡ್. ಕೊನೆಯಲ್ಲಿ ಟ್ ಅಥವಾ ಡ್ ಇದ್ದರೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಲೆಕ್ಕಕ್ಕೆ ಬರುವುದು ಸ್ಪೆಲಿಂಗ್ ಅಲ್ಲ, ದನಿ. ‘ಲಾಫ್’ ಪದದ ಕೊನೆಯಲ್ಲಿ ಜಿ, ಎಚ್ ಇದ್ದರೂ ಕೇಳುವುದು ‘ಫ್’, ಹಾಗಾಗಿ ‘ಲಾಫ್ಟ್’. 

ನಾಲಿಗೆ ತೊಡರಿದರೆ ಮುಂದಿನ ಪದದ ಜೊತೆ ಸಂಧಿ ಮಾಡಿ: ‘ವರ್ಕ್‌ಟಾನ್ ಇಟ್’. ಸಂಧಿ ನಮಗೇನು ಹೊಸದೇ?

ಮೂರು ದನಿಯೂ ಹೊಸದಲ್ಲ. ಮಾಡು–ಮಾಡಿದ, ಬರೆ–ಬರೆದ, ಕಲಿ–ಕಲಿತ: ನಿಯಮ ಬೇರೆಯಾದರೂ ನಮ್ಮ ಭೂತಕಾಲಕ್ಕೂ ‘ಇದ’, ‘ದ’, ‘ತ’ ಎಂಬ ಮೂರು ಬಾಲಗಳಿವೆ. ಪುಣೆಯಲ್ಲೋ ಚೆನ್ನೈಯಲ್ಲೋ ಬೆಳೆಯುವ ನಮ್ಮ ಮಕ್ಕಳು ‘ಕಲಿದೆ’ ಎಂದರೆ ನಾವು ಅಣಕಿಸುವುದಿಲ್ಲ. ‘ಕಲಿತೆ ಅನ್ನು ಪುಟ್ಟಾ’ ಎಂದು ಮಾತು ಮುಂದುವರಿಸುತ್ತೇವೆ. ಸಹೋದ್ಯೋಗಿಗೂ ಅಷ್ಟೇ ಮೆತ್ತಗೆ, ಒಬ್ಬರೇ ಸಿಕ್ಕಾಗ ಹೇಳಿಕೊಟ್ಟರೆ ಸಾಕು. ಐದು ನಿಮಿಷದ ಪಾಠ, ಕಾಫಿ ಆರುವ ಮುಂಚೆ ಮುಗಿದುಹೋಗುತ್ತದೆ.