ಬೆಳಕಿನ ಬೀಗವೊಂದೇ ಸಾಲದು

ವಂಶವಾಹಿ ತಿದ್ದಿದ ಬ್ಯಾಕ್ಟೀರಿಯಾ ಪ್ರಯೋಗಾಲಯದಿಂದ ಹೊರಬಿದ್ದರೆ ಬಿಸಿಲೇ ಅದನ್ನು ಕೊಲ್ಲಲಿ ಎಂಬ ಯೋಚನೆ ಮನಸೆಳೆಯುವಂಥದ್ದು. ಇದಕ್ಕೆ ಆಧಾರ ರಷ್ಯಾದ ವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ‘ಕಿಲ್ಲರ್‌ರೆಡ್’. ಜೆಲ್ಲಿ ಮೀನಿನ ಬಳಗದ ಸಮುದ್ರಜೀವಿಯೊಂದರ ಬಣ್ಣದ ಪ್ರೋಟೀನನ್ನು ತಿದ್ದಿ ಮಾಡಿದ್ದು. ಪೀಪಾಯಿಯಾಕಾರದ ಈ ಅಣುವಿನ ನಡುವೆ ಬಣ್ಣದ ಕೇಂದ್ರವಿದೆ. ಹೊರಗಿನಿಂದ ಅಲ್ಲಿಗೆ ನೀರು ತುಂಬಿದ ಸಪೂರ ಕಾಲುವೆಯೊಂದಿದೆ. ಹಸಿರು ಬೆಳಕು ಬಿದ್ದಾಗ ಆಮ್ಲಜನಕ ಉಗ್ರರೂಪ ತಾಳಿ ಕೋಶದ ಪ್ರೋಟೀನು, ಪೊರೆ, ಡಿಎನ್‌ಎಗಳನ್ನು ಹಾಳುಗೆಡವುತ್ತದೆ. ಹೊರಗಿನಿಂದ ವಿಷ ಹಾಕಬೇಕಿಲ್ಲ, ಇದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಜೈವಿಕ ಸುರಕ್ಷತೆಯಲ್ಲಿ ಸತ್ತವುಗಳ ಲೆಕ್ಕಕ್ಕಿಂತ ಉಳಿದವುಗಳ ಲೆಕ್ಕ ಮುಖ್ಯ. ಮೊದಲ ಪ್ರಯೋಗಗಳಲ್ಲಿ 10 ನಿಮಿಷ ಪ್ರಖರ ಬಿಳಿ ಬೆಳಕು ಹಾಯಿಸಿದಾಗ ಸುಮಾರು ಶೇ 96ರಷ್ಟು ಇ. ಕೋಲಿ ಸತ್ತವು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಮಾನದಂಡವೋ, 10 ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ ಉಳಿಯಬೇಕೆಂಬುದು. ಶೇ 4 ಎಂದರೆ 10 ಕೋಟಿಯಲ್ಲಿ 40 ಲಕ್ಷ! ಬೆಳಕಿನ ಅವಧಿ ಹೆಚ್ಚಿಸಿದರಾಯಿತು ಎನ್ನಬಹುದು. ಪ್ರಯೋಗಾಲಯದ ತಟ್ಟೆಯಲ್ಲಿ ಅದು ಸಾಧ್ಯ. ಬ್ಯಾಕ್ಟೀರಿಯಾ ಹೊರಬಿದ್ದ ಮೇಲೆ ಸೇರುವುದು ಒಳಚರಂಡಿಗೆ, ಮಣ್ಣಿನಾಳಕ್ಕೆ, ಪ್ರಾಣಿಗಳ ಕರುಳಿಗೆ. ಅಲ್ಲಿ ಬೆಳಕಿಲ್ಲ, ಹಲವೆಡೆ ಈ ಪ್ರೋಟೀನಿಗೆ ಬೇಕಾದ ಆಮ್ಲಜನಕವೂ ಇಲ್ಲ. ಜೊತೆಗೆ, ತನ್ನನ್ನೇ ಕೊಲ್ಲುವ ವಂಶವಾಹಿಯನ್ನು ರೂಪಾಂತರದಿಂದ ಕಳಚಿಕೊಂಡ ಕೋಶವೇ ಬದುಕಿ ವೃದ್ಧಿಸುತ್ತದೆ. ಹಾಗಾಗಿ ದಿನ ಕಳೆದಂತೆ ಬೀಗವಿಲ್ಲದ ಸಂತತಿಯೇ ಹೆಚ್ಚುತ್ತದೆ.

ಸುರಕ್ಷತೆಯ ಮಾನದಂಡವನ್ನು ಇಷ್ಟು ಬಿಗಿ ಮಾಡಿದರೆ ಸಂಶೋಧನೆಯೇ ನಿಲ್ಲುತ್ತದೆ ಎಂಬ ಆತಂಕ ಸಹಜ, ಆದರೆ ಅದಕ್ಕೆ ಉತ್ತರ ಪ್ರಯೋಗಾಲಯದಲ್ಲೇ ಸಿಕ್ಕಿದೆ. 2015ರಲ್ಲಿ ಹಾರ್ವರ್ಡ್ ಮತ್ತು ಯೇಲ್‌ನ ತಂಡಗಳು ನಿಸರ್ಗದಲ್ಲಿ ಸಿಗದ ಕೃತಕ ಅಮೈನೊ ಆಮ್ಲವಿಲ್ಲದೆ ಬದುಕಲಾರದ ಇ. ಕೋಲಿ ರೂಪಿಸಿದವು, ಹತ್ತು ಸಾವಿರ ಕೋಟಿ ಕೋಶಗಳನ್ನು ಪರೀಕ್ಷಿಸಿದರೂ ಪಾರಾದ ಒಂದೂ ಕಾಣಲಿಲ್ಲ. ಇಂಥ ಅವಲಂಬನೆಗೆ ಕತ್ತಲೆ ಅಡ್ಡಿಯಲ್ಲ. ಅದನ್ನೇ ಮೊದಲ ಬೀಗವಾಗಿಸಿ, ಕಿಲ್ಲರ್‌ರೆಡ್‌ನಂಥದ್ದನ್ನು ಎರಡನೆಯದಾಗಿ ಸೇರಿಸುವುದು ವಿವೇಕ. ನಮ್ಮಲ್ಲಿ 1989ರ ನಿಯಮಗಳಡಿ ಇಂಥ ಜೀವಿಗಳನ್ನು ಪರಿಸರಕ್ಕೆ ಬಿಡಲು ಅನುಮತಿ ಕೊಡುವುದು ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಮೌಲ್ಯಮಾಪನ ಸಮಿತಿ (ಜಿಇಎಸಿ). ಕತ್ತಲೆಯಲ್ಲಿ, ಮಣ್ಣಿನಲ್ಲಿ, ಆಮ್ಲಜನಕವಿಲ್ಲದ ಕೊಳಚೆಯಲ್ಲಿ ಎಷ್ಟು ಕೋಶ ಉಳಿದವು ಎಂಬ ಅಂಕಿಅಂಶವನ್ನು ಅದು ಅರ್ಜಿದಾರರಿಂದ ಕೇಳಿ ಪಡೆಯಲಿ, ಸಾರ್ವಜನಿಕರ ಮುಂದೆಯೂ ಇಡಲಿ.